ಮದ್ದು ಸುಟ್ಟ ಮೇಲೆ ನಳಿಗೆಯಲ್ಲಿ ಉಳಿಯೋದೇನು?

ಹೋದ ವರ್ಷ ಒಂಬತ್ತನೇ ತರಗತಿಗೆ ದ್ರವ್ಯರಾಶಿ ಸಂರಕ್ಷಣೆಯ ನಿಯಮ ಹೇಳಿಕೊಡುತ್ತಿದ್ದೆ. "ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯರಾಶಿ ಸೃಷ್ಟಿಯಾಗುವುದಿಲ್ಲ, ನಾಶವೂ ಆಗುವುದಿಲ್ಲ" ಅಂತ ಬೋರ್ಡಿನ ಮೇಲೆ ಬರೆದು ತಿರುಗಿದರೆ, ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತಿದ್ದ. ಅವನ ಊರು ಮೆಟ್ಟೂರಿನಿಂದ ಕೊಳತ್ತೂರು ದಾಟಿ ಪಾಲಾರಿನ ಕಡೆ ಹೋಗುವ ದಾರಿಯಲ್ಲಿದೆ. ಅಲ್ಲಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟದ ಕಾಡು.

"ಸಾರ್, ನಮ್ಮ ತಾತ ಹಿಂದೆ ಹೊಲ ಕಾಯೋಕೆ ಕೇಪಿನ ಕೋವಿ ಇಟ್ಕೊಂಡಿದ್ರಂತೆ. ಬೇರೆ ಮದ್ದು ತಂದ್ರೆ ಮೊದ್ಲು ನಳಿಗೆ ತೊಳೀಬೇಕು, ಇಲ್ದಿದ್ರೆ ಗುರಿ ತಪ್ಪುತ್ತೆ ಅಂತಿದ್ರಂತೆ. ಮದ್ದು ಸುಟ್ಟು ಹೊಗೆಯಾಗಿ ಹೋಗುತ್ತಲ್ಲ ಸಾರ್, ಆಮೇಲೆ ತೊಳೆಯೋದು ಏನನ್ನ?"

ತರಗತಿ ನಕ್ಕಿತು. ನಾನು ನಗಲಿಲ್ಲ, ಯಾಕಂದ್ರೆ ಪೂರ್ತಿ ಉತ್ತರ ನನಗೂ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಆ ನಾಳೆ ಬರೋಕೆ ಮೂರು ವಾರ ಹಿಡೀತು. ಓದಿಕೊಂಡಿದ್ದನ್ನು ಅವನಿಗೆ ಹೇಳಿದೆ, ಈಗ ನಿಮಗೂ ಹೇಳ್ತೀನಿ.

ಮೊದಲು ಕರಿಮದ್ದನ್ನು ನೋಡೋಣ. ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರೂ ಸೇರಿದ ಹಳೇ ಕಾಲದ ಮದ್ದು ಅದು. ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಬಿಸಿಯಾದಾಗ ಅದು ಆಮ್ಲಜನಕ ಒದಗಿಸುತ್ತೆ, ಆ ಆಮ್ಲಜನಕದಲ್ಲಿ ಇದ್ದಿಲು, ಗಂಧಕ ಉರಿಯುತ್ತವೆ. ಇದ್ದಿಲು ಇಂಗಾಲದ ಡೈಆಕ್ಸೈಡ್ ಆಗಿ ಹೋಯ್ತು, ನೈಟ್ರೋಜನ್ ಅನಿಲವಾಗಿ ಹೋಯ್ತು, ಸರಿ. ಪೊಟ್ಯಾಸಿಯಂ ಎಲ್ಲಿಗೆ ಹೋಗಬೇಕು? ಅದೊಂದು ಲೋಹ. ಅನಿಲವಾಗಿ ಹಾರಿಹೋಗೋಕೆ ಅದಕ್ಕೆ ಸಾಧ್ಯವಿಲ್ಲ. ಅದು ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡ್ ಅನ್ನೋ ಲವಣಗಳಾಗಿ ಉಳಿದುಬಿಡುತ್ತೆ.

ಎಷ್ಟು ಉಳಿಯುತ್ತೆ? 1870ರ ದಶಕದಲ್ಲಿ ಇಂಗ್ಲೆಂಡಿನ ಆಂಡ್ರೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಎಂಬಿಬ್ಬರು ಕರಿಮದ್ದನ್ನು ಗಟ್ಟಿಯಾದ ಉಕ್ಕಿನ ಪಾತ್ರೆಯೊಳಗೆ ಮುಚ್ಚಿ ಸುಟ್ಟು, ಉಳಿದದ್ದನ್ನೆಲ್ಲ ತೂಗಿದರು. ತೂಕದಲ್ಲಿ ಶೇಕಡ 43ರಷ್ಟು ಮಾತ್ರ ಅನಿಲ. ಉಳಿದ ಶೇಕಡ 57 ಘನವಸ್ತು! ಅಂದರೆ ಹತ್ತು ಗ್ರಾಂ ಮದ್ದು ಸುಟ್ಟರೆ ಐದೂಮುಕ್ಕಾಲು ಗ್ರಾಂ ಹತ್ತಿರ ಉಪ್ಪು, ಮಸಿ. ಇದರಲ್ಲಿ ಬಹುಪಾಲು ನುಣ್ಣನೆ ಪುಡಿಯಾಗಿ ಹೊರಗೆ ಹಾರುತ್ತೆ. ಹಳೇ ಕೋವಿ ಹಾರಿಸಿದಾಗ ಕಾಣೋ ದಟ್ಟ ಬಿಳಿ ಹೊಗೆ ಇದೇ. ಮಿಕ್ಕಿದ್ದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತೆ.

ಇದು ನಿಮಗೆ ಹೊಸ ವಸ್ತುವೇನಲ್ಲ. ಸೌದೆ ಒಲೆಯ ಬೂದಿಯಲ್ಲಿರುವ ಕ್ಷಾರವೂ ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟೇ. ಅಜ್ಜಿಯರು ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದದ್ದು ಈ ಕ್ಷಾರದ ಬಲದಿಂದ. ಈ ಲವಣಕ್ಕೆ ಗಾಳಿಯಲ್ಲಿರೋ ತೇವವನ್ನು ಎಳೆದುಕೊಳ್ಳುವ ಗುಣ ಇದೆ. ಹಾಗಾಗಿ ಬೆಳಗ್ಗೆ ಹಾರಿಸಿದ ಕೋವಿಯನ್ನು ತೊಳೆಯದೆ ಗೋಡೆಗೆ ಒರಗಿಸಿಟ್ಟರೆ ಸಂಜೆ ಹೊತ್ತಿಗೆ ಒಳಗಿನ ಪುಡಿ ಅಂಟಂಟಾದ ಕೆಸರಾಗಿರುತ್ತೆ, ಸ್ವಲ್ಪ ದಿನಕ್ಕೆ ತುಕ್ಕು ಶುರುವಾಗುತ್ತೆ. ತೊಳೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಂತೆ. ಸಲ್ಫೈಡ್ ಇದೆ ಅಂದಮೇಲೆ ಆ ವಾಸನೆ ಯಾವ ಅನಿಲದ್ದು ಅಂತ ನಿಮಗೇ ಹೊಳೆಯಬೇಕು.

ಈ ಕೆಸರು ನಮ್ಮ ಚರಿತ್ರೆಯೊಳಗೂ ನುಗ್ಗಿದೆ. 1857ರ ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿಯಿಂದ ಸಿಪಾಯಿಗಳು ಸಿಡಿದೆದ್ದರು ಅಂತ ಸಮಾಜ ವಿಜ್ಞಾನದಲ್ಲಿ ಓದಿದ್ದೀರಿ. ಅದೇ ವರ್ಷ ಆಯುಧ ಒಪ್ಪಿಸೋದಿಲ್ಲ ಅಂತ ಮುಧೋಳದ ಹತ್ತಿರ ಹಲಗಲಿಯ ಬೇಡರು ಎದುರು ನಿಂತದ್ದೂ ಗೊತ್ತು. ಆದರೆ ತೋಟಾಕ್ಕೆ ಜಿಡ್ಡು ಯಾಕೆ ಸವರಬೇಕಿತ್ತು ಅಂತ ಯಾರಾದ್ರೂ ಕೇಳಿದ್ದೀರಾ? ಎನ್‌ಫೀಲ್ಡ್ ಬಂದೂಕಿಗೆ ಬಾಯಿಂದಲೇ ಮದ್ದು, ಗುಂಡು ತುಂಬಬೇಕು. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗಾಡಿಗಳಿರುತ್ತವೆ. ಗುಂಡು ಆ ಗಾಡಿಗಳನ್ನು ಹಿಡಿದುಕೊಂಡು ಬುಗುರಿಯ ಹಾಗೆ ತಿರುಗುತ್ತಾ ಹೊರಬೀಳುತ್ತೆ, ಅದಕ್ಕೇ ನೆಟ್ಟಗೆ ಹೋಗುತ್ತೆ. ಇಂಥ ಗಾಡಿ ಇರುವ ಬಂದೂಕನ್ನೇ ರೈಫಲ್ ಅನ್ನೋದು. ಕೆಲವು ಸಲ ಹಾರಿಸಿದ ಮೇಲೆ ಗಾಡಿಗಳಲ್ಲಿ ಮಸಿ ತುಂಬಿ, ಮುಂದಿನ ಗುಂಡು ಒಳಗೆ ಇಳಿಯೋದೇ ಇಲ್ಲ. ಜಿಡ್ಡಿದ್ದರೆ ಮಸಿ ಮೆದುವಾಗಿರುತ್ತೆ, ಗುಂಡು ಜಾರುತ್ತೆ. ಅಷ್ಟಾದರೂ ನಮ್ಮ ದೇಶದ ಬಿಸಿಲಿನಲ್ಲಿ ಅದು ಸಾಲಲಿಲ್ಲ. ದಂಗೆಯ ಅನುಭವದ ಮೇಲೆ ಸುಮಾರು 14.4 ಮಿ.ಮೀ. ದಪ್ಪವಿದ್ದ ಗುಂಡನ್ನು ಸುಮಾರು 14 ಮಿ.ಮೀ.ಗೆ ಇಳಿಸಿದರು. ಅರ್ಧ ಮಿಲಿಮೀಟರಿಗೂ ಕಡಿಮೆ ಮಸಿಗಾಗಿ ಒಂದು ಸಾಮ್ರಾಜ್ಯ ತನ್ನ ಗುಂಡಿನ ಅಳತೆಯನ್ನೇ ಬದಲಾಯಿಸಬೇಕಾಯ್ತು ನೋಡಿ.

ಇನ್ನು ಎರಡನೇ ಬಗೆಯ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹತ್ತಿಯಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿದ ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದು ಮಾಡಿದ. ಐದು ವರ್ಷದ ನಂತರ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬ ಮೇಲೆ ಹೇಳಿದ ಅದೇ ಏಬಲ್. ಕರಿಮದ್ದಿನ ಮಸಿ ತೂಗಿ ತೂಗಿ ಅವನಿಗೆ ಸಾಕಾಗಿತ್ತೇನೋ! ನಮಗೆ ಹತ್ತಿರದ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶುರುವಾದ ಕಾರ್ಖಾನೆಯ ಹೆಸರಲ್ಲೇ ಕಾರ್ಡೈಟ್ ಇದೆ. ಊಟಿ ರೈಲಿನಲ್ಲಿ ಹೋದವರು ಆ ನಿಲ್ದಾಣ ನೋಡಿರ್ತೀರಿ.

ನೈಟ್ರೋಸೆಲ್ಯುಲೋಸಿನಲ್ಲಿ ಇಂಗಾಲ, ಹೈಡ್ರೋಜನ್, ಆಮ್ಲಜನಕ, ನೈಟ್ರೋಜನ್ ಬಿಟ್ಟರೆ ಬೇರೆ ಏನೂ ಇಲ್ಲ. ಪೊಟ್ಯಾಸಿಯಂ ಇಲ್ಲ, ಗಂಧಕ ಇಲ್ಲ. ಹೆಚ್ಚುಕಡಿಮೆ ಎಲ್ಲವೂ ಅನಿಲವೇ ಆಗುತ್ತೆ. ಹಾಗಾದರೆ ಕೊಳೆ ಇಲ್ವಾ? ಇದೆ, ಆದರೆ ಬೇರೆ ಜಾತಿಯದು. ತೆಳುವಾದ ಇಂಗಾಲದ ಪದರ, ಮದ್ದಿನ ಕಾಳುಗಳಿಗೆ ಸವರಿರೋ ಗ್ರಾಫೈಟು, ಜೊತೆಗೆ ಗುಂಡಿನ ಮೇಲ್ಹೊದಿಕೆಯ ತಾಮ್ರ ಉಜ್ಜಿ ಅಂಟಿದ ಪದರ. ಕರಿಮದ್ದಿನ ಕೊಳೆ ಬಿಸಿನೀರಿಗೆ ಕರಗುತ್ತೆ, ಬರೀ ಎಣ್ಣೆಗೆ ಕರಗಲ್ಲ. ಇದು ನೀರಿಗೆ ಜಗ್ಗಲ್ಲ, ಇದಕ್ಕೆ ಬೇರೆ ದ್ರಾವಕ ಬೇಕು. ಉಪ್ಪು ಮತ್ತು ಮೇಣದ ವ್ಯತ್ಯಾಸ ನೆನೆಸಿಕೊಳ್ಳಿ.

ಇಲ್ಲೊಂದು ಸೋಜಿಗ ಇದೆ. ಮದ್ದು ಬದಲಾದರೂ ಅದನ್ನು ಹೊತ್ತಿಸುವ ಕೇಪಿನಲ್ಲಿ ಬಹಳ ಕಾಲ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಆಮ್ಲಜನಕ ತಯಾರಿಸುವ ಪಾಠದಲ್ಲಿ ಅದನ್ನು ಕಾಯಿಸಿದರೆ ಏನು ಉಳಿಯುತ್ತೆ? ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪಿನ ತಮ್ಮ. ಹೊಗೆ ಇಲ್ಲ, ನಳಿಗೆ ಶುಭ್ರವಾಗೇ ಕಾಣ್ತಿದೆ ಅಂತ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟರೆ ಒಳಗೆ ಕಾಣದ ಉಪ್ಪು ತುಕ್ಕು ಹಿಡಿಸುತ್ತಿತ್ತು. ಅದಕ್ಕೇ ಬ್ರಿಟಿಷ್ ಸಿಪಾಯಿಗಳು ಸಣ್ಣ ಆಲಿಕೆ ಇಟ್ಟು ರೈಫಲ್ಲಿನ ನಳಿಗೆಗೆ ಕುದಿಯೋ ನೀರು ಹುಯ್ಯುತ್ತಿದ್ದರು.

ಈಗ ಗುರಿಯ ವಿಷಯಕ್ಕೆ ಬರೋಣ. ತಾತನ ಮಾತಿನ ತಿರುಳು ಇರೋದು ಇಲ್ಲೇ. ಅದಕ್ಕೆ ಬಂದೂಕಿಗಿಂತ ದೋಸೆ ಕಾವಲಿ ಒಳ್ಳೇ ಉದಾಹರಣೆ. ಚೆನ್ನಾಗಿ ತಿಕ್ಕಿ ತೊಳೆದ ಕಬ್ಬಿಣದ ಕಾವಲಿಯ ಮೇಲೆ ಮೊದಲ ದೋಸೆ ಅಂಟುತ್ತೆ. ಎರಡನೆಯದು ಸ್ವಲ್ಪ ವಾಸಿ. ಮೂರನೆಯದರಿಂದ ಒಂದೇ ಸಮ ಬರುತ್ತವೆ, ಕಾವಲಿ ಪಳಗಿದೆ ಅಂತೀವಿ. ನಡುವೆ ಯಾರಾದ್ರೂ ಅದರ ಮೇಲೆ ರೊಟ್ಟಿ ಸುಟ್ಟು ಹಾಗೇ ಬಿಟ್ಟರೆ, ಮುಂದಿನ ದೋಸೆ ಮತ್ತೆ ಹರಿಯುತ್ತೆ.

ನಳಿಗೆಯೂ ಹೀಗೆಯೇ. ಒಂದೇ ಮದ್ದು ಬಳಸುತ್ತಿದ್ದರೆ ಕೆಲವು ಗುಂಡುಗಳ ನಂತರ ಒಳಗಿನ ಪದರ ಒಂದು ಸ್ಥಿತಿಗೆ ಬಂದು ನಿಲ್ಲುತ್ತೆ. ಘರ್ಷಣೆ ಪ್ರತಿಸಲ ಸುಮಾರಾಗಿ ಅಷ್ಟೇ, ಒತ್ತಡ ಅಷ್ಟೇ, ವೇಗವೂ ಅಷ್ಟೇ. ಗುಂಡುಗಳು ಒಂದೇ ಕಡೆ ಬೀಳುತ್ತವೆ. ತೊಳೆಯದೆ ಬೇರೆ ಮದ್ದು ಹಾಕಿದಿರಿ ಅನ್ನಿ. ಮೊದಲ ಗುಂಡು ಹೋಗೋದು ಹಳೇ ಮದ್ದಿನ ಪದರದ ಮೇಲೆ, ಎರಡನೆಯದು ಮಿಶ್ರ ಪದರದ ಮೇಲೆ, ಮೂರನೆಯದು ಇನ್ನೊಂದು ಬಗೆಯ ಪದರದ ಮೇಲೆ. ಪ್ರತಿ ಗುಂಡಿಗೂ ದಾರಿ ಬೇರೆ. ಗುರಿ ತಪ್ಪಿತು ಅಂತ ಹೊಸ ಮದ್ದನ್ನು ಬೈದರೆ, ತಪ್ಪು ಮದ್ದಿನದೋ ಪದರದ್ದೋ ಹೇಳೋಕೆ ಬರಲ್ಲ, ಯಾಕಂದ್ರೆ ಒಂದೇ ಸಲ ಎರಡು ಚರಾಂಶ ಬದಲಾಯಿಸಿದ್ದೀರಿ. ಪ್ರಯೋಗಾಲಯದಲ್ಲಿ ಅದೇ ಪಿಪೆಟ್ಟನ್ನು ತೊಳೆಯದೆ ಆಮ್ಲಕ್ಕೂ ಕ್ಷಾರಕ್ಕೂ ಅದ್ದಿದವರಿಗೆ ನಾನು ಬೈಯೋದು ಇದೇ ಕಾರಣಕ್ಕೆ.

ಎಷ್ಟು ತಪ್ಪುತ್ತೆ ಅಂತ ಲೆಕ್ಕ ಹಾಕೋಣ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಗಾಳಿಯ ತಡೆ ಬಿಟ್ಟುಬಿಡಿ. 50 ಮೀಟರ್ ಹೋಗೋಕೆ ಸುಮಾರು 0.152 ಸೆಕೆಂಡು. ಅಷ್ಟರಲ್ಲಿ ಗುರುತ್ವ ಅದನ್ನು ಅರ್ಧ ಜಿ ಟಿ ವರ್ಗದಷ್ಟು, ಅಂದರೆ 11.2 ಸೆಂ.ಮೀ. ಕೆಳಗೆ ಎಳೆದಿರುತ್ತೆ. ಪದರ ಬದಲಾಗಿ ವೇಗ 320ಕ್ಕೆ ಇಳಿದರೆ ಸಮಯ 0.156 ಸೆಕೆಂಡು, ಇಳಿತ ಸುಮಾರು 12 ಸೆಂ.ಮೀ. ವ್ಯತ್ಯಾಸ ಏಳು ಮಿಲಿಮೀಟರಿನಷ್ಟು. ಇಷ್ಟೇನಾ ಅನ್ನಬೇಡಿ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ನಟ್ಟನಡುವೆ ಬೀಳಬೇಕಾದ ಗುಂಡಿನ ಕೇಂದ್ರ ವೃತ್ತದಿಂದ ಹೊರಗೇ ಹೋಯ್ತು. ತೂತಿನ ಅಂಚು ಮಾತ್ರ ಗೆರೆಯನ್ನು ಮುಟ್ಟಿಕೊಂಡಿರುತ್ತೆ. ಸ್ಪರ್ಧಿಗಳು ಅಂಕ ಶುರುವಾಗೋ ಮುಂಚೆ ಕೆಲವು ಗುಂಡು ಸುಮ್ಮನೆ ಹಾರಿಸೋದು ಕಣ್ಣು ಹೊಂದಿಸಿಕೊಳ್ಳೋಕೆ ಮಾತ್ರವಲ್ಲ, ನಳಿಗೆ ಪಳಗಲಿ ಅಂತಲೂ ಹೌದು. ನಿಮ್ಮಲ್ಲಿ ಎನ್.ಸಿ.ಸಿ. ಸೇರಿದವರು ಗುಂಡು ಹಾರಿಸೋಕೆ ಹೋದಾಗ ಕೇಳಿ ನೋಡಿ.

ಮದ್ದು ಬದಲಾಯಿಸಿ ದೊಡ್ಡ ಪೆಟ್ಟು ತಿಂದದ್ದು ಬ್ರಿಟಿಷ್ ಸೈನ್ಯ. 1888ರಲ್ಲಿ ಅವರು ತಂದ ಲೀ–ಮೆಟ್‌ಫೋರ್ಡ್ ರೈಫಲ್ಲಿನ ಗಾಡಿಗಳನ್ನು ವಿಲಿಯಂ ಮೆಟ್‌ಫೋರ್ಡ್ ಎಂಬ ಎಂಜಿನಿಯರ್ ಬೇಕೆಂದೇ ತೀರಾ ಮೇಲ್ಮಟ್ಟದಲ್ಲಿ, ಮೂಲೆಗಳಿಲ್ಲದೆ ದುಂಡಗೆ ಕೊರೆಸಿದ್ದ. ಕರಿಮದ್ದಿನ ಮಸಿ ಕೂರೋಕೆ ಜಾಗ ಸಿಗಬಾರದು ಅಂತ. ಜಾಣ ಉಪಾಯವೇ. ಆದರೆ ಕೆಲವೇ ವರ್ಷದಲ್ಲಿ ಅದೇ ರೈಫಲ್ಲಿಗೆ ಕಾರ್ಡೈಟ್ ತುಂಬಿದರು. ಕಾರ್ಡೈಟಿನ ಅನಿಲ ಬಹಳ ಬಿಸಿ. ಆ ತೆಳು ಗಾಡಿಗಳು ಬೇಗ ಸವೆದು ಗುಂಡು ತಿರುಗೋದೇ ಕಡಿಮೆಯಾಯ್ತು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಆಳವಾದ, ಚೌಕ ಮೂಲೆಯ ಐದು ಗಾಡಿಗಳನ್ನು ಕೊರೆಯಿತು. ಮುಂದೆ ಎರಡು ಮಹಾಯುದ್ಧಗಳಲ್ಲಿ ನಮ್ಮ ದೇಶದ ಸಿಪಾಯಿಗಳ ಕೈಯಲ್ಲಿದ್ದದ್ದು ಅದೇ ವಂಶದ ಲೀ–ಎನ್‌ಫೀಲ್ಡ್.

ಸೈನ್ಯಕ್ಕೆ ನಳಿಗೆ ಹೋಯ್ತು. ಮನೆಯಲ್ಲಿ ಹೀಗೆ ಮಾಡಿದರೆ ಹೋಗೋದು ಕೈ, ಕಣ್ಣು. ಇದನ್ನು ಗಟ್ಟಿಯಾಗಿ ಹೇಳಲೇಬೇಕು, ಯಾಕಂದ್ರೆ ನಮ್ಮ ಸೇಲಂ, ಧರ್ಮಪುರಿ ಕಡೆಯ ಬೆಟ್ಟದೂರುಗಳಲ್ಲಿ ಪರವಾನಗಿ ಇಲ್ಲದ ನಾಡಕೋವಿಗಳು ಇನ್ನೂ ಅಟ್ಟದ ಮೇಲಿಂದ ಹೊರಬರ್ತಾನೇ ಇವೆ, ಪೊಲೀಸರು ಆಗಾಗ ಒಪ್ಪಿಸಿ ಅಂತ ಹೇಳ್ತಾನೇ ಇರ್ತಾರೆ. ಹೊಗೆಯಿಲ್ಲದ ಮದ್ದಿಗೆ ಒಂದು ಗುಣ: ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಅದು ಇನ್ನಷ್ಟು ವೇಗವಾಗಿ ಉರಿಯುತ್ತೆ, ಉರಿದಷ್ಟೂ ಒತ್ತಡ ಏರುತ್ತೆ. ಕರಿಮದ್ದಿಗೆಂದು ಮಾಡಿದ ನಳಿಗೆ ಅದನ್ನು ತಡೆಯಲ್ಲ, ಹಾರಿಸುವವನ ಮುಖದ ಪಕ್ಕದಲ್ಲೇ ಸೀಳಿಹೋಗುತ್ತೆ. ತೊಳೆದರೂ ಅಷ್ಟೇ, ತೊಳೆಯದಿದ್ದರೂ ಅಷ್ಟೇ. ಇನ್ನೊಂದು ಮಾತು, ಹಳೇ ಕೋವಿಯಲ್ಲಿ ಮದ್ದು ತುಂಬಿದ್ದು ಹಾಗೇ ಮರೆತುಹೋಗಿರಬಹುದು. ಕಂಡರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ.

ಹುಡುಗನ ತಾತನ ಕೋವಿ ಎಂದೋ ಠಾಣೆಗೆ ಹೋಗಿದೆ. ಮದ್ದು ಜಡಿಯೋ ಕಬ್ಬಿಣದ ಗಜ ಮಾತ್ರ ಮನೆಯಲ್ಲಿ ಉಳಿದಿತ್ತಂತೆ, ಈಗ ಅವನಮ್ಮ ಅದರಲ್ಲಿ ಒಲೆ ಕೆದಕುತ್ತಾರೆ. ಅದನ್ನು ಕೇಳಿದ ಮೇಲೆ ನಾವು ಕೋವಿ ಇಲ್ಲದೆ ಮಾಡುವ ಒಂದು ಪ್ರಯೋಗ ಹುಡುಕಿದೆವು.

ಪಿ.ವಿ.ಸಿ. ತಯಾರಿಸುವ ಕಾರ್ಖಾನೆ ಇರೋ ಊರು ಮೆಟ್ಟೂರು, ಪೈಪಿಗೇನು ಬರ. ಒಂದು ಮೀಟರ್ ಉದ್ದದ ಪೈಪು, ಅದರೊಳಗೆ ಸರಾಗವಾಗಿ ಹೋಗುವ ಒಂದು ಗೋಲಿ ತಗೊಳ್ಳಿ. ಪೈಪನ್ನು ಮೇಜಿನ ಮೇಲೆ ಒಂದೇ ಇಳಿಜಾರಿನಲ್ಲಿ ಕಟ್ಟಿ, ಗೋಲಿ ಬಿಟ್ಟು, ನೆಲದಲ್ಲಿ ಹರಡಿದ ಮರಳಿನ ಮೇಲೆ ಅದು ಬೀಳುವ ಜಾಗ ಗುರುತಿಸಿ. ಹತ್ತು ಸಲ ಬಿಡಿ. ಆಮೇಲೆ ಪೈಪಿನೊಳಗೆ ಒಣ ಬೂದಿ ಉದುರಿಸಿ ಹತ್ತು ಸಲ ಬಿಡಿ. ತೊಳೆಯದೆ ಅದರ ಮೇಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಮತ್ತೆ ಹತ್ತು ಸಲ. ಕೊನೆಗೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ ಇನ್ನೊಂದು ಹತ್ತು. ಪ್ರತಿಸಲವೂ ಸರಾಸರಿ ದೂರವನ್ನೂ, ಅತಿ ಹತ್ತಿರ ಮತ್ತು ಅತಿ ದೂರ ಬಿದ್ದ ಗೋಲಿಗಳ ನಡುವಿನ ಅಂತರವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಸರಾಸರಿ ಎಷ್ಟು ಸರಿಯಿತು ಅನ್ನೋದಕ್ಕಿಂತ ಆ ಅಂತರ ಎಲ್ಲಿ ಹೆಚ್ಚಾಯ್ತು ಅನ್ನೋದನ್ನು ಗಮನವಿಟ್ಟು ನೋಡಿ. ನಮ್ಮ ತರಗತಿಯಲ್ಲಿ ಅದು ಯಾವ ಸುತ್ತಿನಲ್ಲಿ ಹೆಚ್ಚಾಯ್ತು ಅಂತ ಈಗಲೇ ಹೇಳೋದಿಲ್ಲ. ನಿಮ್ಮ ಅಂಕಿಗಳನ್ನು ಶಾಲೆಯ ವಿಜ್ಞಾನ ಮೇಷ್ಟ್ರ ಕೈಯಲ್ಲಿ ಪತ್ರಿಕೆಗೆ ಕಳಿಸಿ, ನಮ್ಮವರ ಅಂಕಿಗಳ ಪಕ್ಕದಲ್ಲಿಟ್ಟು ನೋಡೋಣ.