ಬ್ರೇಕ್ ಒತ್ತಿದವರೂ ಉತ್ತರ ಕೊಡಬೇಕು

ನಾಗಪುರದಿಂದ ಭಂಡಾರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 53ರಲ್ಲಿ ಮೌದಾ ಎಂಬ ತಾಲ್ಲೂಕು ಕೇಂದ್ರವಿದೆ. 2,320 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ಹೊರಗಿನವರಿಗೆ ಈ ಊರಿನ ಹೆಸರು ಗೊತ್ತು. ಸುತ್ತಮುತ್ತ ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು, ಪಕ್ಕದಲ್ಲೇ ಕನ್ಹಾನ್ ನದಿ. ಹೆದ್ದಾರಿ ಚತುಷ್ಪಥವಾದರೂ ಅದರ ಮೇಲೆ ಎಲ್ಲವೂ ಓಡುತ್ತವೆ: ಹದಿನಾಲ್ಕು ಗಾಲಿಯ ಲಾರಿ, ಭತ್ತ ತುಂಬಿದ ಟ್ರ್ಯಾಕ್ಟರ್, ಎದುರು ದಿಕ್ಕಿನಲ್ಲಿ ಬರುವ ಬೈಕು, ಆಗಾಗ ಎಮ್ಮೆ. ರಾಣೆಬೆನ್ನೂರಿನಿಂದ ಬಂದ ನಾನು ಇಲ್ಲಿನ ಕಾರ್ಖಾನೆಯೊಂದರಲ್ಲಿ ನಿರ್ವಹಣಾ ಎಂಜಿನಿಯರ್. ಒಂಬತ್ತು ವರ್ಷಗಳಿಂದ ಇದೇ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೇನೆ. ಯಾರಿಗೂ ಗುದ್ದಿಲ್ಲ, ಒಂದು ದಂಡವನ್ನೂ ಕಟ್ಟಿಲ್ಲ ಎಂಬ ಹೆಮ್ಮೆ ಇತ್ತು. 2025ರ ಜನವರಿಯ ಒಂದು ಮುಂಜಾನೆಯ ನಂತರ ಆ ಹೆಮ್ಮೆ ಉಳಿದಿಲ್ಲ.

ಅತ್ತೆ–ಮಾವನನ್ನು ನಾಗಪುರ ಸ್ಟೇಷನ್ನಿನಲ್ಲಿ ಊರಿನ ರೈಲಿಗೆ ಹತ್ತಿಸಿ ನಾನು, ನನ್ನ ಹೆಂಡತಿ ವಾಪಸು ಬರುತ್ತಿದ್ದೆವು. ನಿದ್ದೆಗೆಟ್ಟ ಕಣ್ಣು, ತೆಳುವಾದ ಮಂಜು. ನಾನು ಬಲಗಡೆಯ ಲೇನಿನಲ್ಲಿ ಎಪ್ಪತ್ತರ ವೇಗದಲ್ಲಿದ್ದೆ. ಹಿಂದೆ ಒಂದು ಪಿಕಪ್ ಗಾಡಿ ಬಂತು. ಹೈ ಬೀಮ್ ಹೊಡೆದ, ಹಾರ್ನ್ ಹಾಕಿದ, ಬಂಪರಿಗೆ ತಾಗುವಷ್ಟು ಹತ್ತಿರ ಬಂದ. ಎಡಗಡೆ ಜಾಗವಿತ್ತು, ಸರಿದು ಬಿಡಬಹುದಿತ್ತು. ಬಿಡಲಿಲ್ಲ. ಕನ್ನಡಿಯಲ್ಲಿ ಆ ಬೆಳಕು ಕಣ್ಣಿಗೆ ಚುಚ್ಚಿ ಸಿಟ್ಟು ನೆತ್ತಿಗೇರಿತು. ‘ತಡೆ ಮಗನೇ’ ಎಂದು ಬ್ರೇಕ್ ಮೇಲೆ ಜೋರಾಗಿ ಕಾಲಿಟ್ಟೆ. ಒಂದೇ ಕ್ಷಣ.

ಪಿಕಪ್‌ನವನು ಹೇಗೋ ನಿಲ್ಲಿಸಿಕೊಂಡ. ಅವನ ಹಿಂದಿದ್ದ ಬೈಕಿಗೆ ಆಗಲಿಲ್ಲ. ಲೋಹಕ್ಕೆ ಲೋಹ ಬಡಿದ ಸದ್ದು ಕೇಳಿತು. ನನ್ನ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹೆಂಡತಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೇಳಿದಳು: “ಯಾಕ್ರೀ, ಮುಂದ ಏನ್ ಅಡ್ಡ ಬಂತು?”

ನಾನು ಉತ್ತರ ಕೊಡಲಿಲ್ಲ. ಕಾರನ್ನು ಬದಿಗೆ ಹಾಕಿ ಹಿಂದಕ್ಕೆ ನಡೆದು ಹೋದೆ. ಇಪ್ಪತ್ತೈದರ ಆಸುಪಾಸಿನ ಹುಡುಗ, ಅಕ್ಕಿ ಗಿರಣಿಯ ಕೂಲಿ, ರಸ್ತೆಯಂಚಿನಲ್ಲಿ ಮಣಿಕಟ್ಟು ಹಿಡಿದು ಕೂತಿದ್ದ. ಸೇರಿದ ಜನ ಅವನನ್ನೇ ಬೈಯುತ್ತಿದ್ದರು. ‘ಮಾಗೂನ್ ಧಡಕ್ ದಿಲಿ’, ಹಿಂದಿನಿಂದ ಗುದ್ದಿದ್ದಾನೆ, ತಪ್ಪು ಅವನದೇ. ಪಿಕಪ್‌ನವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನನ್ನ ಬ್ರೇಕಿನ ಮಾತೆತ್ತಿದರೆ ಬಂಪರಿಗೆ ಅಂಟಿಕೊಂಡು ಬಂದ ತನ್ನ ಮಾತೂ ಬರುತ್ತದೆಂದು ಅವನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಹುಡುಗನನ್ನು ಆಟೊ ಹತ್ತಿಸುವಾಗ ಔಷಧಿಗಿರಲಿ ಎಂದು ಎರಡು ಸಾವಿರ ರೂಪಾಯಿ ಕೊಟ್ಟೆ. ಅವನು ನೆಟ್ಟಗಿದ್ದ ಒಂದೇ ಕೈಯನ್ನು ಎದೆಗೆ ತಂದು ನನಗೆ ನಮಸ್ಕಾರ ಮಾಡಿದ. ಆ ನಮಸ್ಕಾರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಪೊಲೀಸರಿಗೆ ಯಾರೂ ಹೇಳಲಿಲ್ಲ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎಂಬ ಮಾತನ್ನು ನಾವೆಲ್ಲ ಲೈಸೆನ್ಸ್ ಜೊತೆಗೇ ಕಲಿತಿರುತ್ತೇವೆ. ಅದನ್ನು ಹೇಳಿಕೊಂಡೇ ಆರು ತಿಂಗಳು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. 1989ರ ರಸ್ತೆ ನಿಯಮಗಳಲ್ಲಿ 23ನೆಯದು, ಮುಂದಿನ ವಾಹನ ಹಠಾತ್ತನೆ ನಿಂತರೂ ಡಿಕ್ಕಿಯಾಗದಷ್ಟು ಅಂತರ ಇಟ್ಟುಕೊಂಡೇ ಓಡಿಸಬೇಕು ಎನ್ನುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿಶಾನ್ ಸಿಂಗ್ ಪ್ರಕರಣದಲ್ಲಿ ಇದೇ ನಿಯಮವನ್ನು ಎತ್ತಿ ಹಿಡಿಯಿತು. ಮುಂದಿದ್ದ ಲಾರಿ ದಿಢೀರನೆ ಬ್ರೇಕ್ ಹಾಕಿತ್ತು, ಹಿಂದಿನ ಕಾರು ಗುದ್ದಿತ್ತು. ನಡುವಿನ ಅಂತರ ಬರೀ 10–15 ಅಡಿ ಇತ್ತೆಂಬುದು ಸಾಕ್ಷ್ಯದಲ್ಲೇ ಇತ್ತು. ಅಷ್ಟು ಹತ್ತಿರ ಓಡಿಸಿದ್ದೇ ನಿರ್ಲಕ್ಷ್ಯ ಎಂದು ಕೋರ್ಟ್ ಹೇಳಿತು, ಲಾರಿ ಚಾಲಕನನ್ನು ಹೊಣೆ ಮಾಡಲಿಲ್ಲ.

ಆದರೆ ಅದೇ ಪುಟದಲ್ಲಿ, 23ರ ಕೆಳಗೇ 24ನೆಯ ನಿಯಮವೂ ಇತ್ತು. ಸುರಕ್ಷತೆಗೆ ಅಗತ್ಯವಿದ್ದರೆ ಹೊರತು ಯಾವ ಚಾಲಕನೂ ಹಠಾತ್ತನೆ ಬ್ರೇಕ್ ಹಾಕಕೂಡದು ಎಂಬುದೇ ಅದು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 17ನೇ ವಿಧಿಯಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ. ಜರ್ಮನಿಯಲ್ಲಿರುವ ಕನ್ನಡಿಗರು ಲೈಸೆನ್ಸ್ ಪರೀಕ್ಷೆಗೆ ಓದುವಾಗ ಇದನ್ನು ಕಂಡಿರುತ್ತಾರೆ. ಅಲ್ಲಿನ ಸಂಚಾರ ನಿಯಮದ ನಾಲ್ಕನೇ ಕಲಮು, ಬಲವಾದ ಕಾರಣವಿಲ್ಲದೆ ಮುಂದಿನವನು ಜೋರಾಗಿ ಬ್ರೇಕ್ ಹಾಕುವಂತಿಲ್ಲ ಎನ್ನುತ್ತದೆ. ನಮ್ಮಲ್ಲಿ 1989ರ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂತು. ನಾವು ಮಾತ್ರ ಮೊದಲ ನಿಯಮವನ್ನು ಬಾಯಿಪಾಠ ಮಾಡಿಕೊಂಡು ಎರಡನೆಯದನ್ನು ಮರೆತೆವು.

ಮರೆತದ್ದನ್ನು ನೆನಪಿಸಿದ್ದು 2025ರ ಜುಲೈ 29ರ ಸುಪ್ರೀಂ ಕೋರ್ಟ್ ತೀರ್ಪು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮತ್ತು ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಅರವಿಂದ ಕುಮಾರ್. ಘಟನೆ ನಡೆದದ್ದು 2017ರ ಜನವರಿ 7ರಂದು ಕೊಯಮತ್ತೂರಿನಲ್ಲಿ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರು ಏಕಾಏಕಿ ನಿಂತಿತು. ಹಿಂದೆ ಬೈಕಿನಲ್ಲಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ ಕಾರಿಗೆ ಗುದ್ದಿ ರಸ್ತೆಗೆ ಬಿದ್ದ. ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹರಿಯಿತು. ಎಡಗಾಲನ್ನು ಕತ್ತರಿಸಬೇಕಾಯಿತು.

ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು, ಅದಕ್ಕೇ ನಿಲ್ಲಿಸಿದೆ ಎಂಬುದು ಕಾರು ಚಾಲಕನ ವಿವರಣೆ. ಕೇಳಿದರೆ ಯಾರಿಗಾದರೂ ಅಯ್ಯೋ ಅನ್ನಿಸುವ ಕಾರಣ. ಅಪಘಾತ ಪರಿಹಾರ ನ್ಯಾಯಮಂಡಳಿ ಅವನನ್ನು ಹೊಣೆಯಿಂದ ಬಿಟ್ಟೇಬಿಟ್ಟಿತ್ತು. ಮದ್ರಾಸ್ ಹೈಕೋರ್ಟ್ ಶೇ 40 ಹೊಣೆ ಹೊರಿಸಿತು. ಸುಪ್ರೀಂ ಕೋರ್ಟ್ ಅದನ್ನು ಶೇ 50ಕ್ಕೆ ಏರಿಸಿತು. ಹೆದ್ದಾರಿಯಲ್ಲಿ ವಾಹನಗಳು ವೇಗವಾಗಿ ಬರುವುದು ಸಹಜ. ನಿಲ್ಲಿಸುವವರು ಹಿಂದಿನವರಿಗೆ ಮುನ್ಸೂಚನೆ ಕೊಡಬೇಕು. ಈ ಕಾರಿನವರು ಕೊಡಲಿಲ್ಲ, ಅಪಘಾತದ ಮೂಲವೇ ಆ ಹಠಾತ್ ಬ್ರೇಕ್ ಎಂಬುದು ತೀರ್ಪಿನ ತಿರುಳು. ಬಸ್ ಚಾಲಕನಿಗೆ ಶೇ 30 ಹೊಣೆ. ಸಾಕಷ್ಟು ಅಂತರ ಇಟ್ಟುಕೊಳ್ಳದೆ, ಲೈಸೆನ್ಸೂ ಇಲ್ಲದೆ ಓಡಿಸಿದ್ದಕ್ಕೆ ವಿದ್ಯಾರ್ಥಿಯ ಪಾಲು ಶೇ 20. ಒಟ್ಟು 1.14 ಕೋಟಿ ರೂಪಾಯಿಯ ಪರಿಹಾರದಲ್ಲಿ ಅವನ ಪಾಲಿನ ತಪ್ಪನ್ನು ಕಳೆದು ಸುಮಾರು 91.39 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶವಾಯಿತು.

ಸುದ್ದಿಯನ್ನು ಮೊಬೈಲಿನಲ್ಲಿ ಓದುತ್ತಿದ್ದಾಗ ನನಗೆ ಕೇಳಿಸಿದ್ದು ಹೆಂಡತಿಯ ಅದೇ ಪ್ರಶ್ನೆ. ಏನು ಅಡ್ಡ ಬಂತು? ಗರ್ಭಿಣಿಯ ಸಂಕಟವೇ ಸಾಲದ ಕಡೆ ನನ್ನ ಸಿಟ್ಟು ಯಾವ ಲೆಕ್ಕ?

ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ವಿರೋಧವೇನೂ ಕಾಣುವುದಿಲ್ಲ. ಹಿಂದಿನವನನ್ನು ಕಾನೂನು ಕೇಳುವುದು, ಎಷ್ಟು ಅಂತರದಲ್ಲಿದ್ದೆ? ಮುಂದಿನವನನ್ನು ಕೇಳುವುದು, ಯಾಕೆ ಬ್ರೇಕ್ ಹಾಕಿದೆ, ಸೂಚನೆ ಕೊಟ್ಟೆಯಾ? ಇಬ್ಬರ ಉತ್ತರವನ್ನೂ ತೂಗಿ ಪಾಲು ಹಂಚುತ್ತದೆ. ಎಮ್ಮೆಯೋ ಮಗುವೋ ಅಡ್ಡ ಬಂದು ನಿಲ್ಲಿಸಿದ್ದರೆ ಅದು ಬೇರೆ ಮಾತು. ಹಿಂದಿನವನಿಗೆ ಬುದ್ಧಿ ಕಲಿಸಲು ಹಾಕಿದ ಬ್ರೇಕಿಗೆ ಸುರಕ್ಷತೆಯ ನೆಪವೂ ಸಿಗುವುದಿಲ್ಲ. ಅದು ಪರಿಹಾರದ ಲೆಕ್ಕಕ್ಕೇ ಮುಗಿಯುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಅಪಾಯಕಾರಿ ಚಾಲನೆಗೆ ಮೊದಲ ಸಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು.

‘ನನ್ನ ಕಾರಿಗೆ ಯಾರೂ ತಾಗಲೇ ಇಲ್ಲವಲ್ಲ’ ಎಂಬುದು ನನ್ನ ಮನಸ್ಸಿನ ಕೊನೆಯ ವಾದವಾಗಿತ್ತು. ಅದೂ ಗಟ್ಟಿಯಲ್ಲ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ 1987ರಲ್ಲಿ ಲಾರಿಗೆ ಡಿಕ್ಕಿಯಾದ ಪೆಟ್ರೋಲ್ ಟ್ಯಾಂಕರ್ ಗಂಟೆಗಳ ನಂತರ ಹೊತ್ತಿ ಉರಿದು ಜನ ಸತ್ತಿದ್ದರು. 1991ರಲ್ಲಿ ಆ ಪ್ರಕರಣ ತೀರ್ಮಾನಿಸುವಾಗ ಸುಪ್ರೀಂ ಕೋರ್ಟ್, ವಾಹನದ ಬಳಕೆಯಿಂದ ಉಂಟಾದ ಅಪಘಾತ ಎಂಬ ಮಾತಿಗೆ ವಿಶಾಲ ಅರ್ಥವಿದೆ ಎಂದಿತು. ನೇರವಾಗಿ ತಾಗಲಿಲ್ಲ ಎಂದಮಾತ್ರಕ್ಕೆ ಬ್ರೇಕ್ ಹಾಕಿದವನು ಲೆಕ್ಕದಿಂದ ಆಚೆ ಹೋಗುವುದಿಲ್ಲ.

ಆಗಸ್ಟ್‌ನಲ್ಲಿ ಆ ಹುಡುಗನನ್ನು ಹುಡುಕಿಕೊಂಡು ಗಿರಣಿಗೆ ಹೋದೆ. ಒಂದೂವರೆ ತಿಂಗಳು ಪ್ಲಾಸ್ಟರ್ ಇತ್ತಂತೆ, ಅಷ್ಟು ದಿನ ಕೂಲಿಯಿಲ್ಲ. ಈಗಲೂ ಭಾರದ ಚೀಲ ಎತ್ತುವಾಗ ಮಣಿಕಟ್ಟು ನೋಯುತ್ತದಂತೆ. ಅವತ್ತು ಸಿಟ್ಟಿನಲ್ಲಿ ಬ್ರೇಕ್ ಹಾಕಿದವನು ನಾನೇ ಎಂದು ನನ್ನ ಒಡಕು ಮರಾಠಿಯಲ್ಲಿ ಹೇಳಿದೆ. ಅವನು ನಕ್ಕುಬಿಟ್ಟ. “ಸಾಹೇಬ, ಮಾಗೂನ್ ಧಡಕ್ ಮೀ ದಿಲಿ. ಚೂಕ್ ಮಾಝೀಚ್.” ಹಿಂದಿನಿಂದ ಗುದ್ದಿದ್ದು ನಾನು, ತಪ್ಪು ನನ್ನದೇ ಅಂತ. ಆ ಹಳೆಯ ಮಾತನ್ನು ನನಗಿಂತ ಗಟ್ಟಿಯಾಗಿ ಅವನು ನಂಬಿದ್ದ. ಆ ನಂಬಿಕೆ ನನ್ನನ್ನು ಉಳಿಸಿತ್ತು, ಅವನ ಹಕ್ಕನ್ನು ತಿಂದಿತ್ತು.

ಹಕ್ಕು ಎಂದರೆ ಏನು? ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ನಾನು ಹಾಗೆ ಮಾಡಿದ್ದರೆ ಅವನ ಚಿಕಿತ್ಸೆ, ಕಳೆದುಹೋದ ಕೂಲಿ ಎರಡಕ್ಕೂ ನ್ಯಾಯಮಂಡಳಿಯಲ್ಲಿ ದಾರಿಯಿರುತ್ತಿತ್ತು. ಥರ್ಡ್ ಪಾರ್ಟಿ ವಿಮೆ ಎಂದು ನಾವು ವರ್ಷವರ್ಷ ಕಟ್ಟುವ ಹಣ ಇರುವುದೇ ಅದಕ್ಕೆ. ನನ್ನ ಜೇಬಿನಿಂದ ಹೋಗುವ ಹಣಕ್ಕೂ ಹೆದರಬೇಕಿರಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಮಿತಿಯನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ ಎಂದೂ, ವಕೀಲರ ಹತ್ತಿರ ಕರೆದೊಯ್ಯುತ್ತೇನೆ ಎಂದೂ ಹೇಳಿದೆ. ಹುಡುಗ ಕೋರ್ಟು ಕಚೇರಿ ಬೇಡವೆಂದ. ಕೊನೆಗೆ ಆಸ್ಪತ್ರೆಯ ಬಿಲ್ಲು, ಒಂದೂವರೆ ತಿಂಗಳ ಕೂಲಿ ಲೆಕ್ಕ ಹಾಕಿ ಕೊಟ್ಟೆ. ಇದನ್ನು ದಾನ ಎಂದು ಯಾರೂ ಓದಬೇಡಿ. ಬಾಕಿ ಅದು, ತಡವಾಗಿ ತೀರಿಸಿದೆ.

ನಮ್ಮಂಥ ಹೊರನಾಡಿನವರಿಗೆ ಇಲ್ಲಿ ಇನ್ನೂ ಕೆಲವು ಮಾತುಗಳಿವೆ. ಪರಭಾಷೆಯ ರಸ್ತೆಯಲ್ಲಿ ಜನ ಸುತ್ತುವರಿದಾಗ ನಾವು ಬೇಗ ಸೋಲೊಪ್ಪುತ್ತೇವೆ. ಇಲ್ಲಿ ಅದಕ್ಕೆ ‘ಮಾಂಡವಳಿ’ ಎನ್ನುತ್ತಾರೆ, ಸ್ಥಳದಲ್ಲೇ ರಾಜಿ. ಓದಲು ಬಾರದ ಕಾಗದಕ್ಕೆ ‘ತಪ್ಪು ನನ್ನದೇ’ ಎಂದು ಸಹಿ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ. ವಾಹನಗಳು ನಿಂತ ಜಾಗ, ಟೈರಿನ ಗುರುತು, ನಂಬರ್ ಪ್ಲೇಟುಗಳ ಫೋಟೊ ತೆಗೆಯಿರಿ. ಹಿಂದಕ್ಕೂ ಮುಂದಕ್ಕೂ ಕ್ಯಾಮೆರಾ ಇರುವ ಡ್ಯಾಶ್‌ಕ್ಯಾಮ್ ಇದ್ದರೆ ಮುಂದೆ ನಿಜವಾಗಿ ಏನಾದರೂ ಅಡ್ಡ ಬಂದಿತ್ತೇ ಎಂಬುದಕ್ಕೆ ಅದೇ ಸಾಕ್ಷಿ. ಪರಿಹಾರಕ್ಕಾಗಿ ಅಪಘಾತವಾದ ಊರಿಗೇ ಅಲೆಯಬೇಕೆಂದೇನಿಲ್ಲ. 166ನೇ ಕಲಮಿನಡಿ ಅರ್ಜಿದಾರರು ತಾವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಹಿಂದೆ ಕೂತಿದ್ದವರಂತೆ ತಮ್ಮ ತಪ್ಪೇ ಇಲ್ಲದೆ ಗಾಯಗೊಂಡವರು, ಹೊಣೆಯಿರುವ ವಾಹನಗಳ ಪೈಕಿ ಯಾವುದಾದರೂ ಒಂದರಿಂದಲೇ ಪೂರ್ತಿ ಪರಿಹಾರ ಕೇಳಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಸ್ಪಷ್ಟಪಡಿಸಿದೆ.

ಲೆಕ್ಕ ಇಷ್ಟ ಪಡುವವರಿಗೆ ಒಂದು ಲೆಕ್ಕ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮುಂದಿನ ಕೆಂಪು ದೀಪ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ, ಅಂದರೆ ಐದಾರು ಕಾರುಗಳ ಉದ್ದ. ಗಾಡಿ ನಿಲ್ಲಲು ಒಣ ರಸ್ತೆಯಲ್ಲೂ ಅಲ್ಲಿಂದಾಚೆಗೆ ಇನ್ನೊಂದು ಮೂವತ್ತೈದು ಮೀಟರ್ ಬೇಕು. ಮಂಜಿನಲ್ಲಿ, ಸವೆದ ಟೈರಿನ ಬೈಕಿನಲ್ಲಿ ಬರುವವನಿಗೆ ಇನ್ನೂ ಹೆಚ್ಚು. ನಾವು ಬುದ್ಧಿ ಕಲಿಸಲು ಹೊರಟವನು ಹಿಂದಿರುವ ಒಬ್ಬ. ಅವನ ಹಿಂದೆ ಯಾರಿದ್ದಾರೆಂದು ನಮ್ಮ ಕನ್ನಡಿಯಲ್ಲಿ ಕಾಣುವುದಿಲ್ಲ.

ಈಗಲೂ ವಾರಕ್ಕೆರಡು ಸಲ ನಾಗಪುರದ ರಸ್ತೆಯಲ್ಲಿ ಹೋಗಿ ಬರುತ್ತೇನೆ. ಹಿಂದಿನಿಂದ ಹೈ ಬೀಮ್ ಬೀಳುವುದು ನಿಂತಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯುತ್ತೇನೆ. ಪಕ್ಕದಲ್ಲಿ ಹೆಂಡತಿ ಇದ್ದರೆ ಏನೂ ಹೇಳುವುದಿಲ್ಲ, ಡ್ಯಾಶ್‌ಬೋರ್ಡ್ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತಗೊಳ್ಳುತ್ತಾಳೆ.