ಊರಿಗೆ ಹೋದ ಮೇಲೆ ಅಲ್ಲ, ಈ ಚಳಿಗಾಲದಲ್ಲೇ

ನವೆಂಬರ್ ಬಂತು ಅಂದ್ರೆ ದುಬೈ, ಶಾರ್ಜಾ, ಅಜ್ಮಾನ್ ಕಡೆ ಇರುವ ನಮಗೆಲ್ಲ ಹೋದ ಜೀವ ಬಂದ ಹಾಗೆ. ಸಂಜೆ ಕಿಟಕಿ ತೆಗೆದಿಡಬಹುದು, ಎ.ಸಿ. ಸದ್ದು ನಿಂತು ಮನೆಯವರ ಮಾತು ಕಿವಿಗೆ ಬೀಳುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿರುವ ದೇಶ ಇದು. ಅಂಥ ಕಡೆ ಜನವರಿ ರಾತ್ರಿಯ 14-15 ಡಿಗ್ರಿ, ಹಗಲಿನ 24 ಡಿಗ್ರಿ ಅಂದರೆ ಬೋನಸ್ ಸಿಕ್ಕಿದಂತೆಯೇ.

ಆದರೆ ಈ ಬೋನಸ್ಸನ್ನು ಎಷ್ಟು ಜನ ಅನುಭವಿಸ್ತೀವಿ? "ಸಾಲ ಮುಗೀಲಿ, ಊರಲ್ಲಿ ಮನೆ ಆಗ್ಲಿ, ತಂಗಿ ಮದುವೆ ಒಂದು ಮುಗಿಸಿ ಆಮೇಲೆ ನೋಡೋಣ" ಅಂತ ಮುಂದೆ ಹಾಕೋದೇ ಜಾಸ್ತಿ. ಊರಲ್ಲಿ ಗ್ರಾನೈಟ್ ಹಾಕಿಸಿದ ಮನೆ ಬೀಗ ಹಾಕಿಕೊಂಡು ನಿಂತಿರುತ್ತದೆ. ಇಲ್ಲಿ ಹತ್ತು ವರ್ಷದಿಂದ ಬದುಕುತ್ತಿರುವ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಸೂಟ್‌ಕೇಸು. ಗಂಡ ಕೆಲಸದಿಂದ ಬರುವಾಗ ರಾತ್ರಿ ಎಂಟು. ಬೆಳಗ್ಗೆಯಿಂದ ನಾಲ್ಕು ಗೋಡೆ ನೋಡಿಕೊಂಡು ಕೂತ ಹೆಂಡತಿಗೆ ಮಾತಾಡುವ ಆಸೆ, ಅವನಿಗೆ ನಿದ್ದೆ. ಯಾರದ್ದೂ ತಪ್ಪಲ್ಲ. ಆದರೆ ಹೀಗೇ ಹದಿನೈದು ವರ್ಷ ಕಳೆದುಹೋಗುತ್ತದೆ.

ಲೆಕ್ಕದಲ್ಲಿ ಇಲ್ಲದ ಖಾತೆ

ನಾವು ಬಿ.ಕಾಂ. ಓದಿ ಲೆಕ್ಕ ಬರೆಯುವ ಜನ, ಆದ್ದರಿಂದ ಲೆಕ್ಕದ ಭಾಷೆಯಲ್ಲೇ ಹೇಳ್ತೀವಿ. ಬಾಡಿಗೆ, ಸ್ಕೂಲ್ ಫೀಸು, ಊರಿಗೆ ಕಳಿಸಿದ್ದು, ಚೀಟಿ ಹಣ, ಎಲ್ಲಕ್ಕೂ ನಮ್ಮ ತಲೆಯಲ್ಲಿ ಒಂದೊಂದು ಖಾತೆ ಇದೆ. ಗಂಡ-ಹೆಂಡತಿ ಇಬ್ಬರಿಗೇ ಅಂತ ಒಂದು ಖಾತೆ ಇಲ್ಲ. ಕಂಪನಿಯ ಹಳೇ ವ್ಯಾನಿಗೂ ವರ್ಷಾವರ್ಷ ಸವಕಳಿ ಲೆಕ್ಕ ಹಾಕ್ತೀವಿ. ಸಂಸಾರದ ಸಲಿಗೆಯೂ ಸವೆಯುತ್ತದೆ, ಅದಕ್ಕೆ ನಾವು ಏನನ್ನೂ ತೆಗೆದಿಡೋದಿಲ್ಲ.

ತಿಂಗಳಿಗೆ 100 ದಿರ್ಹಂ ಬೇರೆ ಇಟ್ಟರೆ ವರ್ಷಕ್ಕೆ 1,200 ಆಯಿತು. ಅಷ್ಟೂ ಆಗದಿದ್ದರೆ 50 ಇಡಿ. ಒಂದು ಡಬ್ಬಿಗೆ ಹಾಕಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಈ ದುಡ್ಡಲ್ಲಿ ಒಂದು ಸಣ್ಣ ಪ್ರವಾಸ, ನಾಲ್ಕೈದು ಸಂಜೆಯ ತಿರುಗಾಟ, ಮನೆಗೆ ಒಂದಿಷ್ಟು ಕಳೆ, ಮೂರೂ ಆಗುತ್ತದೆ.

ಒಂದು ದಿರ್ಹಂನ ದೋಣಿ

ಪೆಟ್ರೋಲ್ ಖರ್ಚೂ ಇಲ್ಲದ ಸುಖ ಅಂದರೆ ದುಬೈ ಕ್ರೀಕ್. ಬರ್ ದುಬೈಯಿಂದ ದೇರಾಕ್ಕೆ ಹೋಗುವ ಹಳೇ ಅಬ್ರಾ ದೋಣಿಗೆ ತಲಾ ಒಂದೇ ದಿರ್ಹಂ. ಸಂಜೆ ಐದೂವರೆಗೆ ಹತ್ತಿದರೆ ನೀರಿನ ಮೇಲೆ ಬಿಸಿಲು ಇಳಿಯುವುದನ್ನು ನೋಡಿಕೊಂಡು ಆಚೆ ದಡ ಸೇರಬಹುದು. ವಾಪಸ್ ಬರುವಾಗ ದೀಪ ಹತ್ತಿರುತ್ತದೆ. ಈಚೆ ದಡದಲ್ಲಿ ಗಾಳಿಗೋಪುರದ ಹಳೇ ಮನೆಗಳ ಅಲ್ ಫಹೀದಿ ಬೀದಿಗಳಿವೆ. ಕರೆಂಟ್ ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೋಣೆಯೊಳಗೆ ಇಳಿಸುತ್ತಿದ್ದ ಗೋಪುರಗಳು ಅವು. ಅಲ್ಲಿ ನಡೆಯೋದಕ್ಕೆ ಟಿಕೆಟ್ ಇಲ್ಲ. ಹಾಗೇ ಮುಂದೆ ಬಂದು ಒಂದು ಮೊಳ ಮಲ್ಲಿಗೆ ತಗೊಂಡು, ಎರಡು ಕಡಕ್ ಚಾಯ್ ಕುಡಿದರೆ ಹತ್ತಿಪ್ಪತ್ತು ದಿರ್ಹಂನಲ್ಲಿ ಸಂಜೆ ಮುಗೀತು. ಮೊಬೈಲು ಮಾತ್ರ ಜೇಬಿನಲ್ಲೇ ಇರಲಿ.

ಸೂರ್ಯ ಹುಟ್ಟುವ ಕಡಲು

ನಮ್ಮ ಕರಾವಳಿಯವರು ಕಡಲಲ್ಲಿ ಸೂರ್ಯ ಮುಳುಗೋದನ್ನು ನೋಡಿ ಬೆಳೆದವರು. ಕಡಲಿಂದಲೇ ಸೂರ್ಯ ಏಳೋದನ್ನು ನೋಡಬೇಕಾದರೆ ಖೋರ್‌ಫಕ್ಕಾನ್‌ಗೆ ಹೋಗಿ. ಅದು ಓಮನ್ ಕೊಲ್ಲಿಯ ದಡ, ಪೂರ್ವಕ್ಕೆ ಮುಖ. ಹಿಂದೆ ಬೋಳು ಬೆಟ್ಟ, ಮುಂದೆ ನೀಲಿ ನೀರು. ಶಾರ್ಜಾದಿಂದ 2019ರಲ್ಲಿ ತೆರೆದ 89 ಕಿ.ಮೀ. ರಸ್ತೆ ಬೆಟ್ಟಗಳನ್ನು ಐದು ಸುರಂಗಗಳಲ್ಲಿ ದಾಟುತ್ತದೆ. ದಾರಿಯಲ್ಲಿ ರಫೀಸಾ ಅಣೆಕಟ್ಟಿನ ಹತ್ತಿರ ಇಳಿದು, ಮನೆಯಿಂದ ತಂದ ಚಿತ್ರಾನ್ನ ಬಿಚ್ಚಬಹುದು. ಕಾರಿಲ್ಲದವರಿಗೆ ಶಾರ್ಜಾದ ಜುಬೈಲ್ ನಿಲ್ದಾಣದಿಂದ ಬಸ್ ಉಂಟು.

ಪೋರ್ಚುಗೀಸರ ಅಲ್ಬುಕರ್ಕ್ 1507ರಲ್ಲಿ ಈ ಊರಿನ ಮೇಲೆ ದಾಳಿ ಮಾಡಿದ, ಮೂರು ವರ್ಷ ಬಿಟ್ಟು ನಮ್ಮ ಮಗ್ಗುಲಿನ ಗೋವಾ ಹಿಡಿದ. ಆಗಲೂ ಈ ದಡಕ್ಕೂ ನಮ್ಮ ದಡಕ್ಕೂ ಹಡಗುಗಳ ಓಡಾಟ ಇತ್ತು. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಬಿದಿಯಾದಲ್ಲಿ, ಮಣ್ಣು-ಕಲ್ಲಿನಲ್ಲಿ ಕಟ್ಟಿದ ನಾಲ್ಕು ಗುಮ್ಮಟದ ಪುಟ್ಟ ಮಸೀದಿ ಇದೆ. ದೇಶದ ಅತಿ ಹಳೆಯ ಮಸೀದಿಗಳಲ್ಲಿ ಒಂದು. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ.

ಖರ್ಜೂರದ ನೆರಳು

ತೋಟದ ನೆರಳು ಬೇಕು ಅನ್ನುವ ಮಲೆನಾಡಿನವರಿಗೆ ಅಲ್ ಐನ್. ದುಬೈಯ ಅಲ್ ಘುಬೈಬಾ ನಿಲ್ದಾಣದಿಂದ ಇ201 ನಂಬರಿನ ಬಸ್ ಹೋಗುತ್ತದೆ. ಊರ ನಡುವೆಯೇ ಒಂದು ಲಕ್ಷಕ್ಕೂ ಮೀರಿ ಖರ್ಜೂರದ ಮರಗಳ ತೋಟ, ಪ್ರವೇಶಕ್ಕೆ ದುಡ್ಡಿಲ್ಲ. ಫಲಜ್ ಅಂತ ಕರೆಯುವ ಹಳೇ ಕಾಲುವೆಗಳಲ್ಲಿ ಸರದಿ ಪ್ರಕಾರ ನೀರು ಬಿಡುತ್ತಾರೆ. ನಮ್ಮ ಅಡಿಕೆ ತೋಟದ ಕಪ್ಪು ನೆನಪಾಗದೇ ಇರದು. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂಜೆಗೆ ಜಬಲ್ ಹಫೀತ್ ಬುಡದ ಗ್ರೀನ್ ಮುಬಝ್ಝರಾದಲ್ಲಿ ಬಿಸಿನೀರಿನ ಬುಗ್ಗೆಗೆ ಕಾಲು ಇಳಿಬಿಟ್ಟು ಕೂತರೆ ವಾರದ ದಣಿವೆಲ್ಲ ಇಳಿಯುತ್ತದೆ.

ಬಿಲ್ಲು ನೋಡಿ ಬೆಚ್ಚಬೇಡಿ

ಒಂದು ರಾತ್ರಿ ಹೊರಗೆ ಉಳಿಯುವವರು ಗಮನಿಸಬೇಕಾದ್ದು ಹೊಟೇಲಿನ ಬೆಲೆ. ದುಬೈಯಲ್ಲಿ ಜಾಹೀರಾತಿನಲ್ಲಿ 300 ಅಂತ ಕಂಡದ್ದು ಕೊನೆಗೆ 300 ಇರಬೇಕಂತಿಲ್ಲ. ಅದರ ಮೇಲೆ ಸಾಮಾನ್ಯವಾಗಿ ಸರ್ವಿಸ್ ಚಾರ್ಜ್ 10%, ಮುನ್ಸಿಪಾಲಿಟಿ ಶುಲ್ಕ 7%, ವ್ಯಾಟ್ 5%, ಜೊತೆಗೆ ಹೊಟೇಲಿನ ದರ್ಜೆ ನೋಡಿ ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಂ ಟೂರಿಸಂ ಶುಲ್ಕ. ಎಲ್ಲ ಕೂಡಿದರೆ 380ರ ಹತ್ತಿರ ಬರುತ್ತದೆ. ಬೇರೆ ಎಮಿರೇಟ್‌ಗಳಲ್ಲಿ ದರ ಬೇರೆ. "ಎಲ್ಲಾ ಸೇರಿ ಎಷ್ಟು?" ಅಂತ ಮೊದಲೇ ಕೇಳಿ. ಡಿಸೆಂಬರ್ ಕೊನೆಯ ವಾರ ಬೆಲೆ ಏರಿರುತ್ತದೆ. ಜನವರಿಯ ಮಧ್ಯದಲ್ಲಿ, ವಾರದ ನಡುವೆ ರಜೆ ಹೊಂದಿಸಿಕೊಂಡರೆ ಉಳಿತಾಯ.

ಇನ್ನೂ ಕೆಲವು ಮಾತು. ಜೋಡಿಯಾಗಿ ಹೋದಾಗ ಸಾರ್ವಜನಿಕ ಜಾಗದಲ್ಲಿ ಸಂಯಮ ಇರಲಿ, ಬೇರೆಯವರ ಫೋಟೋ ಅವರ ಒಪ್ಪಿಗೆ ಇಲ್ಲದೆ ತೆಗೆಯಬೇಡಿ. ಎರಡಕ್ಕೂ ಇಲ್ಲಿ ಕಾನೂನು ಬಿಗಿ. ಚಳಿಗಾಲದ ಮಳೆಗೆ ಬೆಟ್ಟದ ವಾದಿಗಳಲ್ಲಿ ದಿಢೀರ್ ನೆರೆ ಬರುತ್ತದೆ. ನೀರು ಹರಿಯುವಾಗ ಗಾಡಿ ಇಳಿಸಿದರೆ 2,000 ದಿರ್ಹಂ ದಂಡ, 23 ಬ್ಲ್ಯಾಕ್ ಪಾಯಿಂಟ್, ಗಾಡಿ 60 ದಿನ ಜಪ್ತಿ. ಡೇರೆಯೊಳಗೆ, ಕೋಣೆಯೊಳಗೆ ಇದ್ದಿಲು ಉರಿಸಿ ಮಲಗಲೇಬೇಡಿ. ಅದರ ವಿಷಗಾಳಿಗೆ ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಬಾಡಿಗೆ ಮನೆಗೂ ಒಂದು ಕಳೆ

"ನಮ್ಮದಲ್ಲದ ಮನೆಗೆ ಯಾಕೆ ಖರ್ಚು" ಅನ್ನೋರಿದ್ದಾರೆ. ಮನೆ ಓನರದ್ದು ನಿಜ, ಅದರೊಳಗೆ ಕಳೆಯುವ ದಿನ ನಮ್ಮದೇ ಅಲ್ವೇ? ಮೊಳೆ ಹೊಡೆದರೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಬಹುದು, ಹಾಗಾಗಿ ಬಿಟ್ಟು ಹೋಗುವಾಗ ಜೊತೆಗೆ ಒಯ್ಯಬಹುದಾದ್ದನ್ನೇ ಮಾಡಿ.

ಮೊದಲು ಬೆಳಕು. ಬಿಳಿ ಟ್ಯೂಬ್‌ಲೈಟ್ ಆಫೀಸಿಗೆ ಸರಿ. ರಾತ್ರಿ ಊಟವಾದ ಮೇಲೆ ಅದನ್ನು ಆರಿಸಿ, ಮೂಲೆಯಲ್ಲಿ ಹಳದಿ ಬೆಳಕಿನ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ಬಲ್ಬಿನ ಡಬ್ಬಿ ಮೇಲೆ 2700 ಕೆ ಅಂತ ಇರುವುದನ್ನು ಕೇಳಿ ತಗೊಳ್ಳಿ. ಕೋಣೆಯ ಸ್ವಭಾವವೇ ಬದಲಾಗುತ್ತದೆ.

ಎರಡನೆಯದು ಬಟ್ಟೆ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಹಳೇ ಇಳಕಲ್ ಸೀರೆ ಇದ್ದರೆ ಕಿಟಕಿಗೆ ಪರದೆ ಮಾಡಿ, ಸೆರಗಿನ ತುಂಡಲ್ಲಿ ಎರಡು ದಿಂಬಿನ ಕವರ್ ಹೊಲಿಸಿ. ಅಮ್ಮ ಕಳಿಸಿದ ಕೌದಿ ಇದ್ದರೆ ಸೋಫಾದ ಮೇಲೆ ಹಾಸಿ. ಚಳಿಗೂ ಆಯಿತು, ಚಂದಕ್ಕೂ ಆಯಿತು.

ಮೂರನೆಯದು ಹಸಿರು. ಮನಿಪ್ಲಾಂಟ್ ಒಂದು ಬಾಟಲಿ ನೀರಿನಲ್ಲೂ ಬದುಕುತ್ತದೆ. ಪುದೀನ ಕಡ್ಡಿ, ಮೆಂತ್ಯದ ಕಾಳು, ತುಳಸಿ, ಇವೆಲ್ಲ ಬಾಲ್ಕನಿಯಲ್ಲಿ ಬರೋದು ಈ ತಿಂಗಳುಗಳಲ್ಲೇ. ರಸ್ತೆಗೆ ಕಾಣುವಂತೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ದಂಡ ಬೀಳುವ ಕಡೆ ಇದೆ. ಬಟ್ಟೆ ಸ್ಟ್ಯಾಂಡನ್ನು ಒಳಗೆ ತಂದು, ಅಲ್ಲಿ ಎರಡು ಕುರ್ಚಿ ಹಾಕಿ. ಸಂಕ್ರಾಂತಿ ದಿನ ಅಲ್ಲೇ ಕೂತು ಎಳ್ಳು-ಬೆಲ್ಲ ತಿನ್ನಬಹುದು.

ಕೊನೆಯದು ತೆಗೆಯುವ ಕೆಲಸ. ಊರಿಗೆ ಒಯ್ಯೋಣ ಅಂತ ಕೂಡಿಟ್ಟ ಕಂಬಳಿ, ಪಾತ್ರೆ, ಖಾಲಿ ಡಬ್ಬಿಗಳ ರಾಶಿ ಮಂಚದ ಸುತ್ತ ಇದ್ದರೆ ಯಾವ ಅಲಂಕಾರವೂ ಕಾಣೋದಿಲ್ಲ. ಅದನ್ನು ಕಳಿಸಿ ಅಥವಾ ಕೊಟ್ಟುಬಿಡಿ. ಶೇರಿಂಗ್ ಮನೆಯಲ್ಲಿ ಒಂದೇ ಕೋಣೆ ಇರುವವರೂ ಇಷ್ಟನ್ನು ಮಾಡಬಹುದು. ಅನುಮತಿ ಇಲ್ಲದ ಪಾರ್ಟಿಷನ್ ಮಾತ್ರ ಕಟ್ಟಬೇಡಿ.

ಜೋಡಿ ಊರಲ್ಲಿದ್ದರೆ

ಇದನ್ನು ಓದುವವರಲ್ಲಿ ಅರ್ಧಕ್ಕರ್ಧ ಬೆಡ್‌ಸ್ಪೇಸಿನಲ್ಲಿ ಇರುವವರು ಅಂತ ನಮಗೆ ಗೊತ್ತು. ಹೆಂಡತಿಯನ್ನು ಕರೆಸಬೇಕಾದರೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ಜೊತೆಗೆ ವಸತಿ ಇರಬೇಕು. ಅದು ಎಲ್ಲರಿಗೂ ಎಟುಕುವುದಲ್ಲ. ಅಂಥವರಿಗೆ ಇರುವುದು ವರ್ಷದ 30 ದಿನದ ರಜೆ. ಆ 30 ದಿನದಲ್ಲಿ ಮದುವೆ, ಬ್ಯಾಂಕು, ಪಂಚಾಯಿತಿ, ಮನೆ ರಿಪೇರಿ, ನೆಂಟರು ಎಲ್ಲರೂ ಪಾಲು ಕೇಳ್ತಾರೆ. ಹೆಂಡತಿ ಕೇಳೋದಿಲ್ಲ, ಆದ್ದರಿಂದ ಅವಳ ಪಾಲಿಗೆ ಉಳಿಯೋದೂ ಇಲ್ಲ.

ಟಿಕೆಟ್ ಮಾಡಿಸುವಾಗಲೇ ಎರಡು ದಿನ ಅವಳ ಹೆಸರಿಗೆ ಬರೆದಿಡಿ. ಮರವಂತೆಯೋ, ಚಿಕ್ಕಮಗಳೂರೋ, ಮಡಿಕೇರಿಯೋ, ಬಾದಾಮಿಯೋ, ಎಲ್ಲಿಗೆ ಅಂತ ಅವಳೇ ಆರಿಸಲಿ. "ಜನ ಏನಂತಾರೆ" ಅಂತ ಅಳುಕಬೇಡಿ. ಅಪ್ಪ-ಅಮ್ಮನಿಗೆ ಮೊದಲೇ ಫೋನಿನಲ್ಲಿ ಹೇಳಿಬಿಟ್ಟರೆ ಮನಸ್ತಾಪವೂ ಇರೋದಿಲ್ಲ. ಬೆಡ್‌ಸ್ಪೇಸಿನ ಗೋಡೆಗೂ ಆ ಎರಡು ದಿನದ ಒಂದು ಫೋಟೋ ಅಂಟಿಸಲು ಜಾಗ ಇದ್ದೇ ಇರುತ್ತದೆ.

ಊರಿಗೆ ಕಳಿಸುವ ಹಣ ನಿಲ್ಲಿಸಿ ಅಂತ ನಾವು ಹೇಳ್ತಾ ಇಲ್ಲ. ಆ ಮನೆ ಏಳಲಿ, ಸಾಲ ತೀರಲಿ. ಅದರ ಪಕ್ಕದಲ್ಲಿ ಈ ಸಣ್ಣ ಖಾತೆಯೂ ತೆರೆಯಲಿ ಅಂತಷ್ಟೇ. ಬರುವ ವಾರ ಸಂಬಳ ಆದ ಕೂಡಲೇ ಮೊದಲ ನೋಟು ಡಬ್ಬಿಗೆ ಬೀಳಲಿ. ಮಾರ್ಚ್ ಮುಗಿದರೆ ಮತ್ತೆ ಬಿಸಿಲು. ಕಡಿಮೆ ಖರ್ಚಿನ ಒಳ್ಳೇ ಜಾಗ ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆದು ಕಳಿಸಿ. ಹೋಗುವ ದಾರಿ, ಬಸ್ಸು, ಆದ ಖರ್ಚು ಇಷ್ಟಿದ್ದರೆ ಸಾಕು, ಮುಂದಿನ ತಿಂಗಳು ಇನ್ನೊಂದು ಜೋಡಿ ಹೋಗಿ ಬರುತ್ತದೆ.