ಸಹಿ ರಾಜನದು, ತೀರ್ಮಾನ ಪ್ರಜೆಗಳದು

ಮಕ್ಕಳೇ, ಕಥೆಯಲ್ಲಿ ಬರುವ ರಾಜ ಹೇಗಿರುತ್ತಾನೆ? ‘ಇವನ ತಲೆ ತೆಗೆಯಿರಿ’ ಎಂದರೆ ತಲೆ ಉರುಳುತ್ತದೆ. ‘ಇವನಿಗೆ ಅರ್ಧ ರಾಜ್ಯ ಕೊಡಿ’ ಎಂದರೆ ಅರ್ಧ ರಾಜ್ಯ ಸಿಗುತ್ತದೆ. ಬ್ರಿಟನ್, ಜಪಾನ್, ನಮ್ಮ ನೆರೆಯ ಭೂತಾನಗಳಲ್ಲಿ ಇಂದಿಗೂ ರಾಜರಿದ್ದಾರೆ. ಆದರೆ ಅವರು ಹೀಗೆ ಅಪ್ಪಣೆ ಮಾಡುವಂತಿಲ್ಲ. ಅವರಿಗಿಂತ ಮೇಲೆ ಸಂವಿಧಾನವಿದೆ. ಹಾಗಾದರೆ ಅವರ ಕೆಲಸವೇನು?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ಅಡಿಕೆ ಮಾರಿದ ರೈತರು ಡಿ.ಡಿ. ಮಾಡಿಸಲು ಬರುತ್ತಿದ್ದರು. ಯಾರಿಗೆ, ಎಷ್ಟು ಎಂಬುದು ಅವರದೇ ತೀರ್ಮಾನ. ನಾನು ಬರೆಯುತ್ತಿದ್ದೆ, ಅಧಿಕಾರಿ ಸಹಿ ಹಾಕುತ್ತಿದ್ದರು. ಸಹಿ ಇಲ್ಲದಿದ್ದರೆ ಅದು ಬರೀ ಕಾಗದ. ಹಾಗೆಂದು ಅಧಿಕಾರಿ ಐನೂರನ್ನು ಐವತ್ತು ಮಾಡುವಂತಿಲ್ಲ. ‘ಹೆಸರು ಸರಿಯಾಗಿದೆಯಾ, ಇನ್ನೊಂದು ಸಲ ನೋಡಿ ಗೌಡ್ರೇ’ ಎಂದು ಎಚ್ಚರಿಸಬಹುದು, ಅಷ್ಟೆ.

ಬ್ರಿಟನ್ನಿನ ರಾಜರ ಸಹಿಯೂ ಹೀಗೆಯೇ. ಸಂಸತ್ತು ಒಪ್ಪಿದ ಮಸೂದೆ ಕಾನೂನಾಗಲು ರಾಜರ ಒಪ್ಪಿಗೆ ಬೇಕು. ಆದರೆ 1708ರ ನಂತರ ಅಲ್ಲಿ ಯಾವ ರಾಜರೂ ರಾಣಿಯರೂ ಒಪ್ಪಿಗೆ ನಿರಾಕರಿಸಿಲ್ಲ. ಪ್ರಧಾನಿ ಬಂದು ಭೇಟಿಯಾದಾಗ ರಾಜರು ಸಲಹೆ ಹೇಳಬಹುದು, ಎಚ್ಚರಿಸಬಹುದು. ಕೊನೆಯ ಮಾತು ಜನ ಆರಿಸಿದ ಸರ್ಕಾರದ್ದೇ.

ನಮ್ಮ ಕೆರೆಬಿಳಚಿಯೂ ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿತ್ತು. 1881ರಲ್ಲೇ ಅಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಸದಸ್ಯರು ಊರಿನ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ಆದರೆ ಆಳುವವರು ಮಹಾರಾಜರು ನೇಮಿಸಿದ ದಿವಾನರು. ಅವರನ್ನು ಕೆಳಗಿಳಿಸುವ ಶಕ್ತಿ ಸಭೆಗಿರಲಿಲ್ಲ. 1942ರಲ್ಲಿ ಶಿಕಾರಿಪುರದ ಈಸೂರಿನ ಜನ ತಮ್ಮದೇ ಸರ್ಕಾರವೆಂದು ಸಾರಿದರು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜನರ ಸರ್ಕಾರ ತಾನಾಗಿ ಬರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಜನ ಜೈಲಿಗೆ ಹೋದರು. ಅಕ್ಟೋಬರಿನಲ್ಲಿ ಜಯಚಾಮರಾಜ ಒಡೆಯರು ಜನರ ಬೇಡಿಕೆಗೆ ಒಪ್ಪಿದರು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

1950ರ ಜನವರಿ 26ರಿಂದ ಒಡೆಯರು ‘ರಾಜಪ್ರಮುಖ’ರಾದರು. ಅರಮನೆಯಿತ್ತು, ದಸರಾ ಇತ್ತು, ಗೌರವವೂ ಇತ್ತು. ಆಡಳಿತ ಮಾತ್ರ ಮಂತ್ರಿಗಳ ಕೈಗೆ ಬಂದಿತ್ತು. ಸಾಂವಿಧಾನಿಕ ರಾಜ ಎಂದರೆ ಹೆಚ್ಚುಕಡಿಮೆ ಇದೇ. 1956ರಲ್ಲಿ ಆ ಪದವಿ ರದ್ದಾಯಿತು. ಅವರು ರಾಜ್ಯಪಾಲರಾದರು. ಮಹಾರಾಜ, ರಾಜಪ್ರಮುಖ, ರಾಜ್ಯಪಾಲ ಮೂರೂ ಒಬ್ಬರೇ. ಎಪ್ಪತ್ತು ದಾಟಿದ ನಾನು ಹುಟ್ಟಿದ್ದು ರಾಜಪ್ರಮುಖರ ಕಾಲದಲ್ಲಿ.

‘ಅಧಿಕಾರವಿಲ್ಲದ ರಾಜ ಯಾಕೆ ಬೇಕು, ತಾತ?’ ಎಂದು ನೀವು ಕೇಳಬಹುದು. ಸ್ಪೇನಿನಲ್ಲಿ 1981ರ ಫೆಬ್ರವರಿ 23ರಂದು ಬಂದೂಕು ಹಿಡಿದವರು ಸಂಸತ್ತಿಗೆ ನುಗ್ಗಿ ಸದಸ್ಯರನ್ನು ಒತ್ತೆಯಿಟ್ಟುಕೊಂಡರು. ಆ ರಾತ್ರಿ ರಾಜ ಹುವಾನ್ ಕಾರ್ಲೋಸ್ ಸೇನೆಯ ಸಮವಸ್ತ್ರ ಧರಿಸಿ ಟಿ.ವಿ.ಯಲ್ಲಿ ಮಾತನಾಡಿ, ತಾವು ಸಂವಿಧಾನದ ಪರ ಎಂದರು. ದಂಗೆ ಮರುದಿನವೇ ಮುಗಿಯಿತು. ಯಾವ ಪಕ್ಷಕ್ಕೂ ಸೇರದವರ ಮಾತಿಗೆ ಕೆಲವೊಮ್ಮೆ ಇಷ್ಟು ತೂಕವಿರುತ್ತದೆ.

ಆದರೆ ಆ ತೂಕಕ್ಕೆ ಕಿರೀಟವೇ ಬೇಕೆಂದಿಲ್ಲ. ನಮ್ಮ ರಾಷ್ಟ್ರಪತಿಯೂ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ, ಮಸೂದೆಗೆ ಅಂಕಿತ ಹಾಕುತ್ತಾರೆ. ಮರುಪರಿಶೀಲಿಸಿ ಎಂದು ಮಸೂದೆಯನ್ನು ಒಮ್ಮೆ ಹಿಂದಕ್ಕೆ ಕಳುಹಿಸಬಲ್ಲರು. ಮತ್ತೆ ಸಂಸತ್ತು ಒಪ್ಪಿ ಕಳುಹಿಸಿದರೆ ಸಹಿ ಹಾಕಲೇಬೇಕು. ವ್ಯತ್ಯಾಸ ಒಂದೇ: ಬ್ರಿಟನ್ನಿನ ರಾಜನಾಗಲು ಆ ಮನೆತನದಲ್ಲೇ ಹುಟ್ಟಬೇಕು. ಇಲ್ಲಿ ಒಡಿಶಾದ ಸಂತಾಲರ ಹಳ್ಳಿಯಲ್ಲಿ ಹುಟ್ಟಿದ ದ್ರೌಪದಿ ಮುರ್ಮು 2022ರಲ್ಲಿ ರಾಷ್ಟ್ರಪತಿಯಾದರು. ನಾಳೆ ಆ ಸಹಿ ಚನ್ನಗಿರಿ ಸೀಮೆಯ ಯಾವುದೋ ಹುಡುಗಿಯದೂ ಆಗಬಹುದು.